ಕರಿ ಟೇಪು

ನೂರ್ಜಹಾನ್ ಪ್ಲಗ್ಗು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡಳು. ಜೇಬಿನ ಗುಂಡಿ ಹಾಕಿದಳು. ಆಮೇಲೆ ಮೆಷಿನ್ನಿನ ಬಾಯೊಳಗೆ ಕೈ ಇಳಿಸಿದಳು.

ಒಳಗೆ ತಾಳೆ ಗರಿಯ ನಾರು ಬ್ಲೇಡಿಗೆ ಸುತ್ತಿಕೊಂಡಿತ್ತು. ಬೆರಳಿಗೆ ಹಸಿಯಾಗಿ, ಬೆಚ್ಚಗೆ ಸಿಕ್ಕಿತು. ಎಳೆದಳು. ಬರಲಿಲ್ಲ. ಬಗ್ಗಿ, ಕೆನ್ನೆಯನ್ನು ತಗಡಿಗೆ ಒತ್ತಿ, ಭುಜದವರೆಗೂ ತೋಳು ತೂರಿಸಿದಳು. ಎಡಗೈ ಜೇಬಿನ ಮೇಲೆಯೇ ಇತ್ತು. ಪ್ಲಗ್ಗಿನ ಮೂರು ಕಡ್ಡಿ ಎದೆಗೆ ಚುಚ್ಚುತ್ತಿದ್ದವು. ಚುಚ್ಚಲಿ. ಚುಚ್ಚುವಷ್ಟು ಹೊತ್ತು ಅದು ಗೋಡೆಯಲ್ಲಿಲ್ಲ, ತನ್ನ ಹತ್ತಿರ ಇದೆ.

"ಯಾರ್ ಬಂದು ಸ್ವಿಚ್ ಹಾಕ್ತಾರೆ ನೂರಮ್ಮ? ಈ ಮೂಲೇಲಿ ಹಾವೂ ಓಡಾಡಕ್ಕಿಲ್ಲ."

ಶಿವಕುಮಾರ. ತೋಟದ ಕೆಲಸದ ಕಂಟ್ರಾಕ್ಟರನ ಕಡೆಯ ಸೂಪರ್‌ವೈಸರ್, ಕನಕಪುರದವನು. ಬೈಕಿನಿಂದ ಇಳಿದಿರಲಿಲ್ಲ, ಒಂದು ಕಾಲು ನೆಲಕ್ಕೆ ಕೊಟ್ಟು ನಿಂತಿದ್ದ. ಅವಳು ಇನ್ನೊಮ್ಮೆ ಎಳೆದಳು. ನಾರಿನ ಒಂದು ಎಳೆ ಸಡಿಲಾಯಿತು. ಹೊರಗೆಳೆದು ನೆಲಕ್ಕೆ ಎಸೆದಳು.

"ಹೊಸ ಮುಚ್ಚಳ ಹಾಕ್ಸಿವ್ನಿ. ಹೊಸ ಸ್ವಿಚ್ಚು. ಮುಚ್ಚಳ ಎತ್ತುದ್ರೆ ತಾನೇ ನಿಂತೋಯ್ತದೆ."

"ಗೊತ್ತು."

"ಗೊತ್ತಿದ್ರೂ ಪ್ಲಗ್ ಕೀಳ್ತೀಯ."

"ಕೀಳ್ತೀನಿ."

"ಒಳ್ಳೇದು ಕಣಮ್ಮ. ಸೋಮವಾರ ಇದನ್ನೇ ಕ್ಯಾಮೆರಾ ಮುಂದೆ ಮಾಡು."

ನೂರ್ಜಹಾನ್ ತೋಳು ಹೊರತೆಗೆದಳು. ಮೊಣಕೈವರೆಗೂ ಹಸಿರು ರಸ ಮೆತ್ತಿತ್ತು.

"ಸೇಫ್ಟಿ ಸಪ್ತಾಹ ಬತ್ತಾ ಐತೆ," ಎಂದ ಶಿವಕುಮಾರ. "ಮೆಷಿನ್ನ ಮುಂದ್ಗಡೆ ಲಾನಿಗೆ ತತ್ತೀವಿ. ನೀನು ಮುಚ್ಚಳ ಹಾಕು, ಹಸ್ರು ಗುಂಡಿ ಒತ್ತು, ಓಡ್ತದೆ. ಮುಚ್ಚಳ ಎತ್ತು, ನಿಲ್ತದೆ. ಅಷ್ಟೇಯ. ಎರಡು ಮಾತು ಹೇಳ್ಬೇಕು, ಶಾಲಿನಿ ಮೇಡಂ ಹೇಳ್ಕೊಡ್ತಾರೆ."

"ನಾನ್ಯಾಕೆ? ನೀವೇ ಒತ್ತಿ."

"ನಾನ್ ಒತ್ತುದ್ರೆ ಯಾರ್ ನಂಬ್ತಾರೆ? ಯಲ್ಲಮ್ಮನ ಕೇಸು ಲೇಬರ್ ಆಫೀಸಿನಾಗೆ ಐತೆ. ಅಲ್ಲಿಗೂ ಇದೇ ವಿಡಿಯೋ ಹೋಯ್ತದೆ. ನೀನು ಅವಳ ಗೆಣೆಕಾತಿ. ಅವತ್ತು ಅಲ್ಲಿದ್ದೋಳು ನೀನೊಬ್ಳೇ. ನೀನ್ ಒತ್ತುದ್ರೆ ಅದರ ತೂಕವೇ ಬೇರೆ." ಬೈಕು ತಿರುಗಿಸಿಕೊಂಡ. "ಸ್ನಾನ ಮಾಡ್ಕೊಂಡು ಒಸಿ ನೀಟಾಗಿ ಬಾ."

ಬೈಕಿನ ಸದ್ದು ಗೋಡೆಯಾಚೆ ಹೋಯಿತು. ಮತ್ತೆ ಅವಳು ಮತ್ತು ಮೆಷಿನ್ನು.

ಹಾರೋಹಳ್ಳಿಯ ಆ ಕಾರ್ಖಾನೆಯಲ್ಲಿ ಮುಂದುಗಡೆ ಹುಲ್ಲುಹಾಸು, ತಾಳೆ ಮರಗಳ ಸಾಲು, ಕಾರಂಜಿ. ಅವುಗಳಿಂದ ಉದುರಿದ್ದು, ಕತ್ತರಿಸಿದ್ದು ಎಲ್ಲ ಹಿಂದುಗಡೆ ಕೊಳೆನೀರಿನ ತೊಟ್ಟಿಯ ಗೋಡೆಯ ಪಕ್ಕಕ್ಕೆ ಬರುತ್ತಿತ್ತು. ಅಲ್ಲಿ ಈ ಕೊಚ್ಚುವ ಮೆಷಿನ್ನು. ರೆಂಬೆ, ಗರಿ, ಬೇಲಿಯ ಕಡ್ಡಿ ಹಾಕಿದರೆ ಪುಡಿ ಮಾಡಿ ಉಗುಳುತ್ತದೆ. ಆ ಪುಡಿಯನ್ನು ಮತ್ತೆ ಗಿಡದ ಬುಡಕ್ಕೆ ಹಾಸಬೇಕು. ಮೊದಲು ಅದು ಆಫೀಸಿನ ಪಕ್ಕದಲ್ಲೇ ಇತ್ತು. ಸದ್ದು ಜಾಸ್ತಿ ಎಂದರು. ಹಿಂದಕ್ಕೆ ತಳ್ಳಿದರು. ಮೆಷಿನ್ನಿನ ಜೊತೆ ಅದನ್ನು ನಡೆಸುವ ಇಬ್ಬರು ಹೆಂಗಸರನ್ನೂ, ನೂರ್ಜಹಾನಳನ್ನೂ ಯಲ್ಲಮ್ಮನನ್ನೂ, ತಳ್ಳಿದರು. ಹೊರಗಿನವರು ಬಂದ ದಿನ ಈ ಕಡೆಯಿಂದ ಆ ಕಡೆಗೆ ಹಾಯಬಾರದು. ಕ್ಯಾಂಟೀನಿನೊಳಗೆ ಕೂರಬಾರದು, ಕಂಟ್ರಾಕ್ಟಿನವರಿಗೆ ಸೈಕಲ್ ಸ್ಟ್ಯಾಂಡ್ ಇದೆಯಲ್ಲ. ಮೆಷಿನ್ನಿನ ಮೈಮೇಲೆ ಒಂದು ಚಿತ್ರ ಅಂಟಿಸಿದ್ದರು: ಕನ್ನಡಕ, ಕೈಗವಸು, ಕಿವಿಗೆ ಮುಚ್ಚಳ. ಅವು ಸ್ಟೋರಿನ ಬೀರುವಿನಲ್ಲಿದ್ದವು. ಬೀಗದ ಕೈ ಶಿವಕುಮಾರನ ಹತ್ತಿರ. ಕಿವಿಗೆ ಇಬ್ಬರೂ ಹತ್ತಿ ತುರುಕಿಕೊಳ್ಳುತ್ತಿದ್ದರು. ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಯ ಬಟ್ಟೆಯನ್ನು ಬಿಗಿಯಾಗಿ ಅಂಗಿಯೊಳಕ್ಕೆ ಸಿಕ್ಕಿಸುತ್ತಿದ್ದರು. ಅದು ಯಾರೂ ಹೇಳಿಕೊಟ್ಟದ್ದಲ್ಲ. ಸೆರಗು ಒಂದು ಸಲ ರೆಂಬೆಗೆ ಸಿಕ್ಕಿ ಮೆಷಿನ್ನಿನ ಬಾಯ ಕಡೆಗೆ ಹೋಗಿತ್ತು.

ಮುಚ್ಚಳದ ಕೆಳಗೆ ಕಡಲೆಕಾಳಿನಷ್ಟು ಒಂದು ಗುಂಡಿ ಇದೆ. ಮುಚ್ಚಳ ಕೂತರೆ ಅದು ಒಳಕ್ಕೆ ಹೋಗುತ್ತದೆ, ಮೆಷಿನ್ನು ಓಡುತ್ತದೆ. ಎತ್ತಿದರೆ ಗುಂಡಿ ಏಳುತ್ತದೆ, ಮೆಷಿನ್ನು ನಿಲ್ಲುತ್ತದೆ. ಆದರೆ ಮುಚ್ಚಳ ಹಾಕಿದ್ದರೆ ಅದರ ಸಣ್ಣ ಕಂಡಿಯಲ್ಲಿ ಉದ್ದನೆಯ ತಾಳೆ ಗರಿ ಒಳಗೆ ಹೋಗುವುದಿಲ್ಲ. ಸಣ್ಣದಾಗಿ ಕಡಿದು ಹಾಕಬೇಕು. ಹೊತ್ತು ಹಿಡಿಯುತ್ತದೆ. ಸಂಕ್ರಾಂತಿ ಕಳೆದ ಮೇಲೆ ಯಾರೋ ಪರದೇಶದವರು ಬರುತ್ತಾರೆಂದು ಮುಂದುಗಡೆಯ ಗರಿಗಳನ್ನೆಲ್ಲ ಒಟ್ಟಿಗೆ ಇಳಿಸಿದರು. ಗುಡ್ಡೆ ಗೋಡೆಗಿಂತ ಎತ್ತರ ಬೆಳೆಯಿತು. ಸಾಯಂಕಾಲದೊಳಗೆ ಕಾಣಬಾರದು ಎಂದರು. ಶಿವಕುಮಾರ ಬಂದ. ಮುಚ್ಚಳ ಕಿತ್ತು ಪಕ್ಕಕ್ಕಿಟ್ಟ. ಎಲೆಕ್ಟ್ರಿಷಿಯನ್ನರು ವೈರಿಗೆ ಸುತ್ತುವ ಕರಿ ಟೇಪು ತಂದು, ಆ ಗುಂಡಿಯನ್ನು ಒಳಕ್ಕೊತ್ತಿ, ಅದರ ಮೇಲೆ ಬಿಗಿಯಾಗಿ ಸುತ್ತಿದ. ಟೇಪನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದ. "ಹಾಕ್ರವ್ವ ಇನ್ನ, ಎಷ್ಟುದ್ದ ಬೇಕಾದ್ರೂ ನುಂಗ್ತದೆ," ಎಂದ.

ನುಂಗಿತು.

ಟೇಪು ಅದೇ ದಿನ ಸಾಯಂಕಾಲ ಮಾಯವಾಯಿತು. ಯಲ್ಲಮ್ಮನನ್ನು ಆಸ್ಪತ್ರೆಗೆ ಸಾಗಿಸಿ ನೂರ್ಜಹಾನ್ ಹಿಂದಿರುಗುವ ಹೊತ್ತಿಗೆ ಮೆಷಿನ್ನು ತೊಳೆದಿದ್ದರು. ಮುಚ್ಚಳ ಕೂತಿತ್ತು. ಸುತ್ತಲೂ ನೆಲಕ್ಕೆ ಹಳದಿ ಗೆರೆ ಎಳೆಯುತ್ತಿದ್ದರು. ಬಣ್ಣ ಇನ್ನೂ ಒಣಗಿರಲಿಲ್ಲ. ಸರ್ಕಾರದ ಆಫೀಸರು ಬಂದು ನೋಡಿದಾಗ ಮೆಷಿನ್ನು ಸರಿಯಾಗಿತ್ತು. ಹೆಂಗಸು ಅಜಾಗರೂಕತೆಯಿಂದ ಕೈ ಹಾಕಿದಳು ಎಂದರು.

*

ಸಾಯಂಕಾಲ ಟೆಂಪೋ ಹತ್ತಿದಳು. ರಾಮನಗರದ ಕಡೆಯ ಹೆಂಗಸರನ್ನೆಲ್ಲ ಕಂಟ್ರಾಕ್ಟರನ ಟೆಂಪೋ ಒಯ್ದು ಬಿಡುತ್ತಿತ್ತು. ಹಿಂದಿನ ಸೀಟಿನ ಕಿಟಕಿಯ ಪಕ್ಕ ಅವಳ ಜಾಗ. ಅದರ ಪಕ್ಕದ್ದು ಯಲ್ಲಮ್ಮನದು, ಈಗ ಖಾಲಿ. ಹೌಸ್‌ಕೀಪಿಂಗಿನ ಹುಡುಗಿಯರು ನಿಂತುಕೊಂಡೇ ಬರುತ್ತಿದ್ದರು, ಅಲ್ಲಿ ಕೂರುತ್ತಿರಲಿಲ್ಲ. ಮೊದಮೊದಲು ಅದು ಮರ್ಯಾದೆ ಎಂದುಕೊಂಡಿದ್ದಳು. ಆಮೇಲೆ ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು: "ಆ ಸೀಟು ಒಳ್ಳೇದಲ್ಲ ಕಣೇ." ನೂರ್ಜಹಾನ್ ತನ್ನ ಊಟದ ಡಬ್ಬಿಯನ್ನು ಅಲ್ಲಿಟ್ಟಳು. ದಿನವೂ ಅಲ್ಲೇ ಇಡುತ್ತಿದ್ದಳು.

ಡಬ್ಬಿ ಅರ್ಧ ತುಂಬಿರುತ್ತಿತ್ತು. ಇಬ್ಬರಿಗೆ ಮಾಡುವ ಅಳತೆ ಕೈಗೆ ಅಂಟಿಹೋಗಿತ್ತು. ಯಲ್ಲಮ್ಮ ಮುದ್ದೆ ತರುತ್ತಿದ್ದಳು, ಇವಳು ಸಾರು. "ಇದು ಯಾತುರ್ದು ಅಂತ ಮೊದ್ಲು ಹೇಳ್ಬುಡು ನೂರಿ, ತಿಂದ್ಮೇಲೆ ಹೇಳ್ಬೇಡ," ಎಂದು ದಿನವೂ ಕೇಳುತ್ತಿದ್ದಳು. "ಕೋಳಿ ಕಣೇ." "ಕೋಳಿ ಅಂತ ಕೋಳಿಗೆ ಗೊತ್ತಾ?" ದಿನವೂ ಅದೇ ಮಾತು, ದಿನವೂ ನಗು. ಈಗ ನೂರ್ಜಹಾನ್ ಸೈಕಲ್ ಸ್ಟ್ಯಾಂಡಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ತಿನ್ನುತ್ತಾಳೆ. ಒಂದು ದಿನವೆಲ್ಲ ಯಾರ ಜೊತೆಗೂ ಮಾತಾಡದೆ ಕಳೆದು, ಸಾಯಂಕಾಲ ಅಂಗಡಿಯಲ್ಲಿ ಮೆಣಸಿನಕಾಯಿ ಕೇಳುವಾಗ ದನಿ ಗೊಗ್ಗರಾಗಿ ಬರುತ್ತದೆ.

ಮನೆಯಲ್ಲೂ ಯಾರಿಲ್ಲ. ಗಂಡ ಹೋಗಿ ಬಹಳ ದಿನವಾಯಿತು. ಮಗಳು ಕೆಹಕಶಾನಳನ್ನು ಚನ್ನಪಟ್ಟಣಕ್ಕೆ ಕೊಟ್ಟಿದೆ. ಬೊಂಬೆಗೆ ಬಣ್ಣ ಹಾಕುವ ಮನೆ. ಫೋನು ಮಾಡಿದರೆ ಹಿಂದೆ ಬೊಂಬೆ ಕಡೆಯುವ ಲೇತಿನ ಸದ್ದು. "ಅಮ್ಮೀ, ಆಮೇಲ್ ಮಾಡ್ತೀನಿ," ಎನ್ನುತ್ತಾಳೆ.

ಅವಳೂ ಯಲ್ಲಮ್ಮನೂ ಮೊದಲು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಅಕ್ಕಪಕ್ಕದ ಬಿಸಿನೀರಿನ ತೊಟ್ಟಿ. ನೀರಿನಲ್ಲಿ ಗೂಡು ಕುದಿಯುತ್ತಿರುತ್ತದೆ, ತಲೆಯ ಹಿಂದೆ ರಾಟೆ ತಿರುಗುತ್ತಿರುತ್ತದೆ. ನಡುನಡುವೆ ಎಳೆ ಹರಿದು ತುಂಡಾಗುತ್ತದೆ. ಹರಿದಾಗ ರಾಟೆ ನಿಲ್ಲಿಸುವಂತಿಲ್ಲ. ಓಡುತ್ತಿರುವ ಎಳೆಗೇ ಹೊಸ ಗೂಡಿನ ತುದಿ ಎಸೆದು ಬೆರಳ ತುದಿಯಲ್ಲಿ ಕೂಡಿಸಬೇಕು. ಕಣ್ಣು ನೋಡುವ ಮೊದಲೇ ಬೆರಳು ಹೋಗಿರಬೇಕು. ರಾಟೆ ನಿಲ್ಲಿಸಿದವಳಿಗೆ ಮಾಲೀಕ ಎಲ್ಲರೆದುರು ಬಯ್ಯುತ್ತಿದ್ದ. "ಏನಮ್ಮಾ, ಮದುವೆ ಮನೆಗೆ ಬಂದಿದ್ದೀಯಾ?" ನಿಲ್ಲಿಸದವಳಿಗೆ ಹಬ್ಬಕ್ಕೆ ಸೀರೆ. ಯಲ್ಲಮ್ಮನಿಗೆ ಸೀರೆ ತಪ್ಪಿದ್ದೇ ಇಲ್ಲ. ಆಮೇಲೆ ದೊಡ್ಡ ಆಟೊಮ್ಯಾಟಿಕ್ ಮೆಷಿನ್ನುಗಳು ಬಂದವು, ಇವರ ತೊಟ್ಟಿಗಳು ತಣ್ಣಗಾದವು. ಬೆರಳುಗಳು ಮಾತ್ರ ಬೆಂದೇ ಉಳಿದವು. ಬಿಳಿಚಿಕೊಂಡು, ಗೆರೆ ಅಳಿಸಿಹೋಗಿ. ಕಾರ್ಖಾನೆ ಗೇಟಿನ ಹಾಜರಿ ಮೆಷಿನ್ನಿಗೆ ಹೆಬ್ಬೆರಳು ಒತ್ತಿದರೆ 'ಮತ್ತೊಮ್ಮೆ ಪ್ರಯತ್ನಿಸಿ' ಎನ್ನುತ್ತಿತ್ತು. ಗೇಟಿನ ಮರಿಯಪ್ಪ, "ನಿಮ್ಮಿಬ್ರನ್ನ ದೇವ್ರು ಸಹಿ ಹಾಕ್ದೇನೇ ಕಳ್ಸವ್ನೆ," ಎಂದು ನಗುತ್ತಿದ್ದ.

ಅವತ್ತು ಗರಿಯ ನಾರು ಸಿಕ್ಕಿಕೊಂಡಿತು. ಮೆಷಿನ್ನು ಓಡುತ್ತಿತ್ತು. ಮುಚ್ಚಳ ಇರಲಿಲ್ಲ. ಎದುರಿಗೆ ಒಂದು ಎಳೆ ಹರಿದು ತೂಗಾಡುತ್ತಿತ್ತು. ಯಲ್ಲಮ್ಮನ ಬೆರಳು ಹೋಯಿತು.

ಗುಡ್ಡೆಯ ಆಚೆ ಗರಿ ಎಳೆಯುತ್ತಿದ್ದ ನೂರ್ಜಹಾನಳಿಗೆ ಕೂಗು ಕೇಳಿಸಲಿಲ್ಲ. ಕಿವಿಯಲ್ಲಿ ಹತ್ತಿ ಇತ್ತು. ಮೆಷಿನ್ನಿನ ಸದ್ದು ಬದಲಾದದ್ದು ಮಾತ್ರ ಕಾಲಿಗೆ, ನೆಲದಿಂದ ಗೊತ್ತಾಯಿತು. ಓಡಿದಳು. ಪ್ಲಗ್ಗು ಕಿತ್ತಳು. ಆಮೇಲೆ ಬಹಳ ಹೊತ್ತು ಕೂಗಿದಳು. ಆ ಮೂಲೆಗೆ ಯಾರೂ ಬರಲಿಲ್ಲ.

*

ಭಾನುವಾರ ಅಕ್ಕೂರಿಗೆ ಹೋದಳು. ಯಲ್ಲಮ್ಮ ಅಲ್ಲಿ ಅಣ್ಣನ ಮನೆಯಲ್ಲಿದ್ದಳು. ರೇಷ್ಮೆಹುಳ ಸಾಕುವ ಮನೆಯ ಹೊರಗೆ, ಹಿಪ್ಪುನೇರಳೆ ತೋಟದ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ಬಲಗೈ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿತ್ತು. ಹೆಬ್ಬೆರಳೂ ಅದರ ಪಕ್ಕದ ಬೆರಳಿನ ಅರ್ಧವೂ ಮಾತ್ರ ಉಳಿದಿದ್ದವು.

ಒಳಗೆ ಹುಳ ಸೊಪ್ಪು ತಿನ್ನುವ ಸದ್ದು ಸಣ್ಣಗೆ ಬರುತ್ತಿತ್ತು. ಅತ್ತಿಗೆ ಬಾಗಿಲಲ್ಲಿ ಇಣುಕಿ, ನೂರ್ಜಹಾನಳನ್ನು ನೋಡಿ, "ಕೂತ್ಕೊಳಕ್ಕಾ, ಒಳಗ್ ಮಾತ್ರ ಬರ್ಬೇಡ. ಹುಳ ಪೊರೆ ಬಿಟ್ಟು ಈಗಷ್ಟೇ ಜ್ವರದಿಂದ ಎದ್ದವೆ," ಎಂದು ಹೋದಳು.

"ನಿನ್ನೂ ಒಳಗೆ ಬಿಡಕ್ಕಿಲ್ವಾ?" ಎಂದಳು ನೂರ್ಜಹಾನ್.

"ಗಾಯದ್ ಕೈ. ಹುಳಕ್ಕೆ ಆಗಕ್ಕಿಲ್ಲ ಅಂತಾರೆ. ಮಾಗದ್ ಮೇಲೆ ನೋಡವ ಅಂತಾರೆ." ಯಲ್ಲಮ್ಮ ತೋಟದ ಕಡೆ ನೋಡಿದಳು. "ಸೊಪ್ಪು ಕೊಯ್ಯಕ್ಕೂ ಆಗಕ್ಕಿಲ್ಲ. ಎಡಗೈಲಿ ಉಣ್ಣದ್ ಕಲ್ತಿವ್ನಿ. ಅಣ್ಣ ನನ್ ಮುಂದೆ ಕೂತು ಉಣ್ಣಕ್ಕಿಲ್ಲ ಈಗ. ಅವನಿಗೆ ಹೊಟ್ಟೆ ತೊಳ್ಸ್ತದಂತೆ."

ನೂರ್ಜಹಾನ್ ಡಬ್ಬಿ ತೆರೆದಳು. ಯಲ್ಲಮ್ಮ ಇಣುಕಿ ನೋಡಿದಳು. ಏನೂ ಕೇಳಲಿಲ್ಲ. ಕೇಳಲಿ ಎಂದು ನೂರ್ಜಹಾನ್ ಕಾದಳು. ಆಮೇಲೆ ತಾನೇ ಮುದ್ದೆ ಮುರಿದು, ಸಾರಿಗೆ ಅದ್ದಿ ಅವಳ ಬಾಯಿಗೆ ಹಿಡಿದಳು. ಯಲ್ಲಮ್ಮ ಮುಖ ತಿರುಗಿಸಿದಳು.

"ನೀನು ವಿಡಿಯೋದಾಗೆ ಬತ್ತೀಯಂತೆ."

"ಯಾರಂದ್ರು?"

"ಶಿವಕುಮಾರ ಫೋನ್ ಮಾಡಿದ್ದ. ನಿನ್ ಗೆಣೆಕಾತಿನೇ ಒಪ್ಕೊಂಡವ್ಳೆ, ನೀನ್ ಯಾಕೆ ಕೋರ್ಟು ಕಚೇರಿ ಅಂತ ಅಲೀತೀಯ ಅಂದ. ಕೇಸ್ ವಾಪಸ್ ತಗೋ ಅಂದ."

"ನಾನೆಲ್ಲಿ ಒಪ್ಕೊಂಡೆ?"

"ಇಲ್ಲ ಅಂದ್ಯಾ?"

ನೂರ್ಜಹಾನ್ ಮುರಿದ ಮುದ್ದೆಯನ್ನು ಡಬ್ಬಿಗೆ ಹಾಕಿದಳು. ಹೌದು ಎಂದೂ ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ಶಿವಕುಮಾರನ ಬೈಕು ಹೋಗಿಬಿಟ್ಟಿತ್ತು.

"ಮುಚ್ಚಳ ಎತ್ತುದ್ರೆ ನಿಲ್ತದೆ ಅಂತ ತೋರಿಸ್ತೀಯ," ಎಂದಳು ಯಲ್ಲಮ್ಮ. ಸಿಟ್ಟಿರಲಿಲ್ಲ ದನಿಯಲ್ಲಿ. "ಸುಳ್ಳೇನಲ್ಲ. ಈಗ ನಿಲ್ತದೆ. ನೋಡ್ದೋರು ಏನಂತಾರೆ? ನಿಲ್ಲೋ ಮೆಷಿನ್ನಿಗೆ ಇವ್ಳು ಹೆಂಗ್ ಕೈ ಕೊಟ್ಳು, ದುಡ್ಡಿಗೋಸ್ಕರ ಬೇಕೂಂತ ಕೊಟ್ಟವ್ಳೆ ಅಂತಾರೆ. ನಾನು ಬೆರಳು ಮಾರ್ಕೊಂಡೋಳು ಆಯ್ತೀನಿ."

"ಯಲ್ಲಿ."

"ಒತ್ತು ನೂರಿ. ಇಲ್ಲ ಅಂದ್ರೆ ನಿನ್ನೂ ತೆಗೀತಾರೆ. ನಿಂಗೆ ಅಣ್ಣನೂ ಇಲ್ಲ, ಕೂರಕ್ಕೆ ಕಲ್ಲೂ ಇಲ್ಲ." ಟವೆಲನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು. "ಒತ್ತು. ಆಮೇಲೆ ಈ ಕಡೆ ಬರ್ಬೇಡ."

ಬಸ್ಸಿಗೆ ಕಾಯುವಾಗ ನೂರ್ಜಹಾನ್ ಡಬ್ಬಿಯನ್ನು ನಾಯಿಗೆ ಸುರಿದಳು. ಬಸ್ಸು ತುಂಬಿತ್ತು. ಯಾರೋ ಅವಳ ಭುಜಕ್ಕೆ ಭುಜ ಒತ್ತಿ ನಿಂತರು. ಊರು ಬರುವವರೆಗೂ ಅವಳು ಆ ಭುಜವನ್ನು ಸರಿಸಲಿಲ್ಲ.

*

ಸೋಮವಾರ ಅವಳನ್ನು ಮುಂದುಗಡೆಯ ಬಾಗಿಲಿನಿಂದ ಕರೆದೊಯ್ದರು. ತಣ್ಣನೆಯ ಕೋಣೆಯಲ್ಲಿ ಕೂರಿಸಿ ಪಿಂಗಾಣಿ ಕಪ್ಪಿನಲ್ಲಿ ಟೀ ಕೊಟ್ಟರು. ಸೇಫ್ಟಿ ಆಫೀಸರ್ ಶಾಲಿನಿ ಮೇಡಂ ತಾನೇ ಬೀರುವಿನ ಸಾಮಾನು ತಂದು ಮೇಜಿನ ಮೇಲಿಟ್ಟಳು. ಕನ್ನಡಕ, ಕೈಗವಸು, ಕಿವಿಯ ಮುಚ್ಚಳ, ಹಳದಿ ಹೆಲ್ಮೆಟ್ಟು. ಎಲ್ಲ ಹೊಸತು. ಕೈಗವಸಿನ ಮೇಲೆ ಬೆಲೆಚೀಟಿ ಇನ್ನೂ ಇತ್ತು. ಶಾಲಿನಿ ಅದನ್ನು ಉಗುರಿನಿಂದ ಕಿತ್ತಳು.

"ದಿನಾ ಹಾಕಿಕೊಳ್ತೀರಲ್ಲ, ಹಾಗೇ ಹಾಕಿಕೊಳ್ಳಿ," ಎಂದಳು.

"ದಿನಾ ಕೊಡಕ್ಕಿಲ್ಲ ಮೇಡಮ್ಮೋರೇ."

ಶಾಲಿನಿ ಶಿವಕುಮಾರನ ಕಡೆ ನೋಡಿದಳು. ಶಿವಕುಮಾರ ಕಿಟಕಿಯ ಕಡೆ ನೋಡಿದ. "ಇನ್ನು ಮೇಲೆ ಕೊಡ್ತಾರೆ," ಎಂದಳು ಶಾಲಿನಿ. "ತಲೆ ಮೇಲಿನ ಬಟ್ಟೆ ಒಳಗೆ ಸಿಕ್ಕಿಸಬೇಡಿ. ಸ್ವಲ್ಪ ಕಾಣಲಿ. ನಮ್ಮಲ್ಲಿ ಎಲ್ಲಾ ಥರದವರೂ ಇದ್ದಾರೆ ಅಂತ ಗೊತ್ತಾಗುತ್ತೆ."

"ಸಡ್ಲ ಬಟ್ಟೆ ಬುಟ್ರೆ ಮೆಷಿನ್ ಎಳ್ಕತದೆ."

"ಇವತ್ತೊಂದು ದಿನ."

ಹುಲ್ಲುಹಾಸಿನ ನಡುವೆ ಮೆಷಿನ್ನು ನಿಂತಿತ್ತು. ತೊಳೆದು, ಒರೆಸಿ, ಮೈಗೆ ಹೊಸ ಚೀಟಿ ಅಂಟಿಸಿದ್ದರು. ಪಕ್ಕದಲ್ಲಿ ತೆಳ್ಳಗೆ ಒಂದೇ ಅಳತೆಗೆ ಕಡಿದ ಕಡ್ಡಿಗಳ ಒಂದು ಹಿಡಿ. ಅಂಥ ಕಡ್ಡಿ ಹಿಂದುಗಡೆಯ ಗುಡ್ಡೆಗೆ ಎಂದೂ ಬಂದದ್ದಿಲ್ಲ. ಆಫೀಸಿನವರು ನೆರಳಲ್ಲಿ ನಿಂತಿದ್ದರು. ಕ್ಯಾಮೆರಾದವನು ಅವಳನ್ನು ಒಂದು ಹೆಜ್ಜೆ ಎಡಕ್ಕೆ ಸರಿಯಲು ಹೇಳಿದ.

ಶಾಲಿನಿ ಮೆಲ್ಲಗೆ ಹೇಳಿಕೊಟ್ಟಳು. "ಹೀಗೆ ಹೇಳಿ. ಮುಚ್ಚಳ ತೆರೆದರೆ ಈ ಯಂತ್ರ ತಾನಾಗಿಯೇ ನಿಲ್ಲುತ್ತದೆ. ನಾವು ಅಜಾಗರೂಕರಾದರೆ ಮಾತ್ರ ಅಪಘಾತ. ಆಮೇಲೆ ಹಸಿರು ಗುಂಡಿ ಒತ್ತಿ."

"ಅವತ್ತು ಮುಚ್ಚಳದ ಕೆಳಗಿನ ಗುಂಡಿಗೆ ಟೇಪ್ ಸುತ್ತಿದ್ರು," ಎಂದಳು ನೂರ್ಜಹಾನ್. "ಮುಚ್ಚಳ ಕಿತ್ತಿಟ್ಟಿದ್ರು. ಅದ್ನೂ ಹೇಳ್ಲಾ?"

ನೆರಳಿನಲ್ಲಿದ್ದವರು ಇತ್ತ ತಿರುಗಿದರು.

"ಯಾವ್ ಟೇಪು?" ಎಂದ ಶಿವಕುಮಾರ.

"ನಿನ್ ಹಲ್ಲಿನಾಗೆ ಕಚ್ಚಿ ಹರಿದ್ಯಲ್ಲಪ್ಪ, ಆ ಟೇಪು."

"ನೂರಮ್ಮ, ತಲೆ ಸರಿಯಾಗೈತಾ? ಬಿಸ್ಲಿಗೆ ಏನಾರಾ ಆಯ್ತಾ?"

"ನಂಗೇನೂ ಆಗಿಲ್ಲ. ಅವ್ಳಿಗೆ ಆಯ್ತು."

ಕ್ಯಾಮೆರಾದವನು ಕ್ಯಾಮೆರಾ ಇಳಿಸಿ ಶಾಲಿನಿಯ ಮುಖ ನೋಡಿದ. ಶಾಲಿನಿ ಕೈಯೆತ್ತಿ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ, ನೂರ್ಜಹಾನಳ ತೋಳು ಹಿಡಿದು ತಾಳೆ ಮರದ ಪಕ್ಕಕ್ಕೆ ಕರೆದೊಯ್ದಳು. ಹಿಡಿತ ಮೆತ್ತಗಿತ್ತು. ಯಾರಾದರೂ ಅವಳ ತೋಳನ್ನು ಹಾಗೆ ಹಿಡಿದು ಬಹಳ ದಿನವಾಗಿತ್ತು.

"ನೋಡಿ ನೂರ್ಜಹಾನ್ ಅವರೇ. ಅವತ್ತಿನದು ಅವತ್ತಿಗೆ. ನಾವು ಇವತ್ತಿನ ಮೆಷಿನ್ನು ತೋರಿಸ್ತಿದ್ದೀವಿ. ಸುಳ್ಳು ಹೇಳಿ ಅಂತ ನಾನು ಕೇಳ್ತಿಲ್ಲ."

"ಹೂಂ. ಇದು ನಿಲ್ತದೆ. ನಿಜ."

"ಮತ್ತೆ?"

ನೂರ್ಜಹಾನ್ ಕೈಗವಸಿನೊಳಗೆ ಬೆರಳು ಆಡಿಸಿದಳು. ಕೈಗವಸು ದೊಡ್ಡದಿತ್ತು. ತುದಿಗಳು ಖಾಲಿ ನೇತಾಡುತ್ತಿದ್ದವು.

"ನಿಮ್ಮ ಕಷ್ಟ ನನಗೆ ಗೊತ್ತು," ಎಂದಳು ಶಾಲಿನಿ. "ಆ ಮೂಲೆಯಲ್ಲಿ ಒಬ್ಬರೇ ಇಡೀ ದಿನ. ಅದು ತಪ್ಪು. ಆ ಮೆಷಿನ್ನಿನ ಹತ್ತಿರ ಯಾವಾಗಲೂ ಇಬ್ಬರಿರಬೇಕು. ನಾಳೆಯಿಂದಲೇ ನಿಮ್ಮ ಜೊತೆಗೆ ಒಬ್ಬರನ್ನ ಹಾಕಿಸ್ತೀನಿ. ನಿಮಗೆ ಬೇಕಾದವರನ್ನೇ ಆರಿಸಿಕೊಳ್ಳಿ. ಊಟಕ್ಕೆ ಕ್ಯಾಂಟೀನಿಗೆ ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ. ಹೊಸದಾಗಿ ಬರೋ ಹೆಂಗಸರಿಗೆ ನೀವೇ ಕಲಿಸಿಕೊಡಿ. ನೀವು ಒಂಟಿಯಾಗಿರಬೇಕಾಗಿಲ್ಲ."

ನೂರ್ಜಹಾನ್ ತಲೆಯೆತ್ತಿ ಅವಳ ಮುಖ ನೋಡಿದಳು. ಈ ಹೆಂಗಸಿಗೆ ಇದು ಹೇಗೆ ಗೊತ್ತಾಯಿತೋ. ಕ್ಯಾಂಟೀನಿನ ಉದ್ದನೆಯ ಮೇಜು ಕಣ್ಣ ಮುಂದೆ ಬಂತು. ಅಕ್ಕಪಕ್ಕ ಜನ, ತಟ್ಟೆಯ ಸದ್ದು, ಯಾರೋ ಉಪ್ಪು ಕೇಳುವುದು, ತಾನು ಕೊಡುವುದು. ಗುಡ್ಡೆಯ ಆಚೆಯಿಂದ ಒಂದು ದನಿ ಅವಳ ಹೆಸರು ಕೂಗುವುದು. ಅದು ಅವಳಿಗೆ ಬೇಕಿತ್ತು. ನಾಚಿಕೆಯಾಗುವಷ್ಟು ಬೇಕಿತ್ತು.

"ಯಲ್ಲಮ್ಮನ್ನ ಹಾಕಿ," ಎಂದಳು.

"ಅವರಿಗೆ ಆಗಲ್ಲ. ಗೊತ್ತಲ್ಲ ನಿಮಗೆ."

"ಕೂತ್ಕೊಂಡು ನೋಡ್ತಿರ್ಲಿ. ಪ್ಲಗ್ ಹಿಡ್ಕೊಂಡು ಕೂರ್ಲಿ. ಅದಕ್ಕೆ ಎಡಗೈ ಸಾಕು."

"ಕೇಸು ಹಾಕಿದವರನ್ನ ಹೇಗೆ ವಾಪಸ್ ತಗೊಳ್ಳೋದು?" ಶಾಲಿನಿ ಉಸಿರು ಬಿಟ್ಟಳು. "ಬೇರೆ ಯಾರನ್ನಾದರೂ ಹೇಳಿ. ಯಾರನ್ನಾದರೂ ಕೊಡ್ತೀನಿ."

ಶಿವಕುಮಾರ ಅಲ್ಲಿಂದಲೇ ಕೂಗಿದ. "ಬಿಸ್ಲು ಏರ್ತಾ ಐತೆ ಮೇಡಂ. ಬೇಗ ಒತ್ತಮ್ಮೋ, ಒಂದ್ ಗುಂಡಿ ಒತ್ತಕ್ಕೆ ಇಷ್ಟೊಂದಾ?"

ನೂರ್ಜಹಾನ್ ಕನ್ನಡಕ ತೆಗೆದಳು. ಹೆಲ್ಮೆಟ್ಟು, ಕತ್ತಿಗೆ ಜಾರಿಸಿಕೊಂಡಿದ್ದ ಕಿವಿಯ ಮುಚ್ಚಳ ತೆಗೆದಳು. ಕೈಗವಸನ್ನು ಒಂದೊಂದೇ ಬೆರಳು ಎಳೆದು ಬಿಚ್ಚಿದಳು. ಎಲ್ಲವನ್ನೂ ಶಾಲಿನಿಯ ಕೈಗೆ ಕೊಟ್ಟಳು. ಶಾಲಿನಿಗೆ ಹಿಡಿದುಕೊಳ್ಳದೆ ಬೇರೆ ದಾರಿ ಇರಲಿಲ್ಲ.

"ಯೋಚನೆ ಮಾಡಿ," ಎಂದಳು ಶಾಲಿನಿ. "ಜೊತೆಗೆ ಜನ ಇರ್ತಾರೆ. ಇನ್ನೇನು ಬೇಕು ನಿಮಗೆ?"

"ನಂಗ್ಯಾರೂ ಬ್ಯಾಡ. ನಾನು ಒತ್ತಕ್ಕಿಲ್ಲ."